ಗಚ್ಚು ಹಾಕದ ಜಾಗ

ನಾನು ಶಾಸಕನಾದದ್ದು ಹೇಗೆ, ಯಾವ ಊರಿಗೆ ಯಾವ ರಸ್ತೆ ತಂದೆ ಎಂದು ತಿಳಿಯಲು ಇದನ್ನು ಹಿಡಿದು ಕೂತವರು ಈಗಲೇ ಎದ್ದು ಹೋಗಬಹುದು. ಅದನ್ನೆಲ್ಲ ನನ್ನ ಅಭಿಮಾನಿಗಳು ಒಂದು ಪುಸ್ತಕ ಮಾಡಿ ಹಂಚಿದ್ದಾರೆ. ಅರ್ಧ ಹೊಗಳಿಕೆ, ಉಳಿದದ್ದು ಸುಳ್ಳು. ನಾನಿಲ್ಲಿ ಹೇಳುವುದು ಒಂದೇ ಕೇಸಿನ ಸಂಗತಿ. ಗೆದ್ದೇಬಿಟ್ಟಿದ್ದ ಕೇಸು ಅದು. ಅದನ್ನು ನನ್ನ ಕೈಯಾರೆ ವಾಪಸ್ ತೆಗೆದೆ. ಅದರಿಂದಲೇ ಶಾಸಕನಾದೆ, ಅದರಿಂದಲೇ ಸೋತು ಮನೆಗೂ ಬಂದೆ.

ಆಗ ನಮ್ಮ ಕಡೆ ಕಾಲುವೆಯ ಕಾಲ. ಕೃಷ್ಣೆಯ ನೀರು ಕಕ್ಕೇರಾ, ಸುರಪುರದ ಹೊಲಗಳನ್ನು ತೋಯಿಸಿ ಶಹಾಪುರದತ್ತ ಬರುತ್ತಿತ್ತು. ಚಹದ ಅಂಗಡಿಯಲ್ಲಿ ಒಬ್ಬ ಇನ್ನೊಬ್ಬನಿಗೆ “ನಿಮ್ಮ ಕಡಿ ಬಂತೇನು?” ಎಂದರೆ, “ಏನು?” ಎಂದು ಯಾರೂ ಕೇಳುತ್ತಿರಲಿಲ್ಲ. ದೊಡ್ಡ ಕಾಲುವೆಯಿಂದ ಒಡೆದು ಊರೂರಿಗೆ ಉಪಕಾಲುವೆ ಅಗೆಯುತ್ತಿದ್ದರು. ಕೋರ್ಟಿನಲ್ಲಿ ಅರ್ಧಕ್ಕರ್ಧ ಕೇಸು ಕಾಲುವೆಯವೇ. ಶಹಾಪುರದ ಕೋರ್ಟಿನ ಎದುರು ತಗಡಿನ ಶೀಟಿನ ಕೆಳಗೆ ನನ್ನ ಕಚೇರಿ ಇತ್ತು. ಬೇಸಿಗೆಯಲ್ಲಿ ಕರಿಕೋಟು ಹಾಕಿಕೊಂಡು ಅಲ್ಲಿ ಕೂಡ್ರುವುದೆಂದರೆ ಹಂಚಿನ ಮೇಲಿನ ರೊಟ್ಟಿಯ ಗತಿ. ನನ್ನ ಸಿಟ್ಟಿಗೆ ಆ ತಗಡೇ ಕಾರಣ ಎಂದು ನನ್ನ ಗುಮಾಸ್ತ ಬಂದವರಿಗೆಲ್ಲ ಹೇಳುತ್ತಿದ್ದ. ತಗಡು ತೆಗೆಸಿ ಆರ್‌ಸಿಸಿ ಹಾಕಿಸಿದ ಮೇಲೂ ಸಿಟ್ಟು ಹೋಗಲಿಲ್ಲ, ಅದು ಬೇರೆ ಮಾತು.

ಒಂದು ಮುಂಜಾನೆ ವನದುರ್ಗದ ಆಚೆಗಿನ ಹಳ್ಳಿಯ ಮುದುಕಿಯೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಒಂದು ಹಿತ್ತಾಳೆ ತಂಬಿಗೆ.

“ವಕೀಲ್ರ, ನನ್ನ ಮಗಳ ಮ್ಯಾಲ ಕೆನಾಲ ಹೊಂಟದ್ರಿ. ನಿಂದರಸ್ರಿ.”

“ಮಗಳ ಹೊಲದ ಮ್ಯಾಲೇನವ್ವ?”

“ಹೊಲದ ಮ್ಯಾಲಲ್ರಿ ಯಪ್ಪಾ. ಮಗಳ ಮ್ಯಾಲ.”

ಕೂಡ್ರಿಸಿ ಕೇಳಿದೆ. ಆಕೆಯ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು, ತಿರುಗಿ ಗಂಡನ ಮನೆಗೆ ಹೋಗಲಿಲ್ಲ. ಕೂಸೂ ಉಳಿಯಲಿಲ್ಲ. ಕೊಟ್ಟ ಹೆಣ್ಣು ಅತ್ತೆಯ ಮನೆಯ ಮಣ್ಣಿಗೆ ಸೇರಬೇಕು ಎಂಬುದು ನಮ್ಮಲ್ಲಿಯ ರೀತಿ. ಆದರೆ ಈ ತಾಯಿ ಯಾರ ಮಾತನ್ನೂ ಕೇಳಲಿಲ್ಲ. ಬೀಗರ ಕಾಲು ಹಿಡಿದು ಮಗಳನ್ನು ತನ್ನ ಹೊಲದಲ್ಲೇ, ಬನ್ನಿಗಿಡದ ಬುಡದಲ್ಲಿ ಹೂಳಿಸಿದ್ದಳು. ಮುದುಕಿಯ ಗಂಡ ಮೊದಲೇ ತೀರಿದ್ದ. ಆ ಸಮಾಧಿ ಬಿಟ್ಟರೆ ಆಕೆಗೆ ನನ್ನದು ಎನ್ನಲು ಏನೂ ಇರಲಿಲ್ಲ. ಈಗ ಉಪಕಾಲುವೆಯ ಅಗೆತ ಎರಡೂ ಕಡೆಯಿಂದ ಆ ಬನ್ನಿಗಿಡದ ಹತ್ತಿರ ಬಂದಿತ್ತು.

“ಮಗಳು ಹ್ಯಾಂಗ ತೀರಿಕೊಂಡ್ಳವ್ವ?” ಎಂದು ಕೇಳಿದೆ. ಪ್ರಮಾಣಪತ್ರದಲ್ಲಿ ಒಂದು ಸಾಲು ಬೇಕಿತ್ತು.

“ಬಾಣಂತನದಾಗ,” ಎಂದಳು. ಅಷ್ಟೇ.

ನಮ್ಮ ಗುಮಾಸ್ತ ಯಾರೇ ಬರಲಿ ಅರ್ಧ ಗ್ಲಾಸು ನೀರು ಕೊಡುವ ಮನುಷ್ಯ. ಶಹಾಪುರದಲ್ಲಿ ಆಗ ನೀರಿಗೆ ಅಂಥ ಬರ. ಅವನು ಮುಂದಿಟ್ಟ ಗ್ಲಾಸನ್ನು ಮುದುಕಿ ನೋಡಿದಳು. ತನ್ನ ತಂಬಿಗೆಯಿಂದ ನೀರು ಬಗ್ಗಿಸಿ, ಅದನ್ನು ತುಂಬಿಸಿ, ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಕಕ್ಷಿದಾರನ ಕೈಗೆ ಕೊಟ್ಟಳು.

“ಕೊಟ್ರ ತುಂಬ ಕೊಡಬೇಕಪಾ,” ಎಂದಳು. “ಅರ್ಧ ಕೊಡಬಾರ್ದು.”

ಗುಮಾಸ್ತ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದ. “ಬಡಿವಾರ ನೋಡ್ರಿ ಸಾಬ್, ಬಡಿವಾರ,” ಎಂದು ಗೊಣಗುವುದು ಕೇಳಿಸಿತು. ನಾನೂ ನಕ್ಕೆ.

ಸರ್ಕಾರದ ಮೇಲೆ ದಾವೆ ಹೂಡಬೇಕಾದರೆ ಎರಡು ತಿಂಗಳ ಮೊದಲು ನೋಟಿಸು ಕೊಡಬೇಕೆಂಬ ಕಾನೂನಿದೆ. ಎರಡು ತಿಂಗಳಲ್ಲಿ ಕಾಲುವೆ ಸಮಾಧಿ ದಾಟಿ ಮುಂದಿನ ಊರಿಗೆ ಹೋಗಿರುತ್ತಿತ್ತು. ಹೀಗಾಗಿ ತುರ್ತು ಇದೆ, ನೋಟಿಸಿನಿಂದ ವಿನಾಯಿತಿ ಕೊಡಬೇಕು ಎಂದು ಒಂದು ಅರ್ಜಿ, ಕೆಲಸ ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ಇನ್ನೊಂದು ಅರ್ಜಿ, ಜೊತೆಗೆ ಮೂಲ ದಾವೆ. ಎಲ್ಲ ಒಂದೇ ದಿನ ಬರೆಸಿ ಹಾಕಿದೆ. ನಿಜ ಹೇಳಬೇಕೆಂದರೆ ನನ್ನ ಕೈಯಲ್ಲಿ ಗಟ್ಟಿ ಕಾನೂನು ಏನೂ ಇರಲಿಲ್ಲ. ಆ ಹೊಲದ ಒಂದು ಪಟ್ಟಿಯನ್ನು ಸರ್ಕಾರ ಕಾಯ್ದೆಪ್ರಕಾರವೇ ವಶಪಡಿಸಿಕೊಂಡಿತ್ತು, ಮುದುಕಿ ಹೆಬ್ಬೆಟ್ಟೂ ಒತ್ತಿದ್ದಳು. ಕಾಲುವೆ ಬದುವಿನ ಕಡೆ ಹೋಗುತ್ತದೆ ಎಂದು ತಿಳಿದು ಒತ್ತಿದ್ದೆ ಎನ್ನುತ್ತಿದ್ದಳು. ಹಳ್ಳಿಯವರು ಹೀಗೆಯೇ, ಒತ್ತಿದ ಮೇಲೆ ತಿಳಿಯಲಿಲ್ಲ ಎನ್ನುತ್ತಾರೆ ಎಂದುಕೊಂಡು ಆ ಮಾತಿಗೆ ನಾನು ಹೆಚ್ಚು ಕಿವಿಗೊಡಲಿಲ್ಲ. ಸಮಾಧಿಯ ಪಾವಿತ್ರ್ಯ, ತಾಯಿಯ ಕರುಳು ಎಂದು ವಾದ ಮಾಡಿದೆ.

ಸರ್ಕಾರಿ ವಕೀಲರು ಎದ್ದು ನಿಂತು, “ಸತ್ತವರ ಸಲುವಾಗಿ ಬದುಕಿದವರ ನೀರು ನಿಲ್ಲಿಸಬೇಕೇ ಸ್ವಾಮಿ?” ಎಂದು ಒಂದೇ ಮಾತು ಕೇಳಿದರು. ಒಳ್ಳೆಯ ಮಾತು. ನಾನೇ ಆ ಕಡೆ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದೆ. ನ್ಯಾಯಾಧೀಶರು ಬಹಳ ಹೊತ್ತು ಪೆನ್ನು ಆಡಿಸುತ್ತ ಕೂತು, ಕೊನೆಗೆ ತಡೆಯಾಜ್ಞೆ ಕೊಟ್ಟರು. ಜಾಗ ನೋಡಿ ಬರಲು ಒಬ್ಬ ವಕೀಲರನ್ನು ಕಮಿಷನರ್ ಎಂದು ನೇಮಿಸಿ, ಅವರ ವರದಿ ಬರುವವರೆಗೆ ಒಂದು ಬುಟ್ಟಿ ಮಣ್ಣೂ ತೆಗೆಯಕೂಡದು ಎಂದರು.

ಆ ಆಜ್ಞೆಯ ಪ್ರತಿ ಕೆಲಸದ ಜಾಗಕ್ಕೆ ಮುಟ್ಟಿದ್ದೇ ತಡ, ನನ್ನ ಹೆಸರು ಎಲ್ಲ ಕಡೆ ಹಬ್ಬಿತು. ಮೇಲಿನ ಊರುಗಳಲ್ಲಿ ‘ಮುದುಕಿಯ ಕಣ್ಣೀರು ಒರೆಸಿದ ವಕೀಲ’. ಕಾಲುವೆಯ ಕೊನೆಯಲ್ಲಿರುವ ಕೊಂಕಲ್ ಕಡೆಯ ಊರುಗಳಲ್ಲಿ ‘ನೀರು ನಿಲ್ಲಿಸಿದ ಸೂಳೇಮಗ’. ಆ ಕಡೆಯ ರೈತರು ಒಂದು ದಿನ ಟ್ರ್ಯಾಕ್ಟರಿನಲ್ಲಿ ಬಂದು ನನ್ನ ಕಚೇರಿಯ ಮುಂದೆ ನಿಂತರು. ಅವರಲ್ಲಿ ಹಿರಿಯನೊಬ್ಬ ಒಳಗೆ ಬಂದು ಬೈಯಲಿಲ್ಲ, ಕೈಮುಗಿದ.

“ಸಾಹೇಬ್ರ, ಅಕಿ ಮಗಳು ಸತ್ತಾಳ, ಖರೇ. ನಮ್ಮ ಮಕ್ಕಳು ಇನ್ನಾ ಜೀವಂತ ಅದಾವ್ರಿ. ಅವರಿಗಿ ನೀವು ಏನ್ ಹೇಳ್ತೀರಿ ಹೇಳ್ರಿ.”

“ಕೋರ್ಟಿನಾಗ ಅದ, ಕೋರ್ಟೇ ಹೇಳ್ತದ,” ಎಂದೆ. ಅವರು ಹೋಗುವಾಗ ಯಾರೋ ಒಬ್ಬ ತಗಡಿನ ಮೇಲೆ ಕಲ್ಲು ಎಸೆದ.

ಅದೇ ವಾರ ನಮ್ಮ ಪಕ್ಷದ ಮುಖಂಡರು ಯಾದಗಿರಿಯ ಪ್ರವಾಸಿ ಮಂದಿರಕ್ಕೆ ಕರೆಸಿದರು. ನಾನು ಆಗ ಪಕ್ಷದಲ್ಲಿ ಬಾವುಟ ಕಟ್ಟುವವರಿಗಿಂತ ಒಂದು ಮೆಟ್ಟಿಲು ಮೇಲಿದ್ದೆ, ಅಷ್ಟೇ. ಅವರು ಎಲೆಅಡಿಕೆ ಜಗಿಯುತ್ತ, “ಸಮಾಧಿ ಕೇಸ್ ಚೊಲೋ ಹಿಡದೀಪಾ. ಮಂದಿ ಬಾಯಾಗ ಅದ. ಗೆದ್ದು ಬಾ. ಟಿಕೆಟಿನ ಮಾತು ಆಮ್ಯಾಲ ಮಾಡೂನು,” ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ನಾನು ಒಳಗೊಳಗೇ ಭಾಷಣ ಮಾಡುತ್ತಿದ್ದೆ. ಆಸೆ ಇರಲಿಲ್ಲ ಎಂದು ಹೇಳಿದರೆ ನಂಬಬೇಡಿ.

ಕಮಿಷನರ್ ಜಾಗ ನೋಡಲು ಬಂದದ್ದು ಉರಿಬಿಸಿಲಿನಲ್ಲಿ. ದಕ್ಷಿಣದ ಕಡೆಯ ಒಳ್ಳೆಯ ಮನುಷ್ಯ. ತಲೆಗೆ ಒದ್ದೆ ಟವೆಲು ಹಾಕಿಕೊಂಡು, ನಕ್ಷೆ ಬಿಚ್ಚಿಕೊಂಡು ನಿಂತರು. ಇಲಾಖೆಯ ಓವರ್‌ಸಿಯರ್, ಸರಪಳಿ ಹಿಡಿಯುವ ಇಬ್ಬರು ಕೂಲಿಗಳು, ಪಂಚರು, ನಾನು. ಮುದುಕಿ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಬನ್ನಿಗಿಡದ ನೆರಳಲ್ಲಿ ಮಣ್ಣಿನ ಕೊಡ, ಬಾಯಿಗೆ ಒದ್ದೆ ಅರಿವೆ. ಬಂದವರಿಗೆಲ್ಲ ತುಂಬು ತಂಬಿಗೆ ನೀರು. ಅವಳ ಮಗಳನ್ನು ಅಗೆದು ತೆಗೆಯಲು ಬಂದಿದ್ದ ಆ ಓವರ್‌ಸಿಯರನಿಗೂ ಕೊಟ್ಟಳು. “ಬಿಸಲಾಗ ಬಂದೀರಿ, ಕುಡೀರಿ ಮೊದಲ, ಆಮ್ಯಾಲ ಜಗಳ,” ಎಂದಳು. ಆತ ನಾಚಿ ಕುಡಿದ.

ಉಪಕಾಲುವೆಗೆ ಗುರುತು ಹಾಕುವ ಕ್ರಮ ಹೀಗೆ. ಮೊದಲು ಸರ್ವೆಯವರು ಬಂದು ನಕ್ಷೆಯ ನಡುಗೆರೆಯ ಮೇಲೆ ಅಲ್ಲಲ್ಲಿ ನಂಬರು ಕೆತ್ತಿದ ಕಲ್ಲು ನೆಟ್ಟು ಹೋಗುತ್ತಾರೆ. ಎಷ್ಟೋ ತಿಂಗಳ ಮೇಲೆ ಗುತ್ತಿಗೆದಾರನ ಆಳುಗಳು ಬಂದು ಕಲ್ಲಿನಿಂದ ಕಲ್ಲಿಗೆ ಹಗ್ಗ ಎಳೆದು, ಸುಣ್ಣದ ಗೆರೆ ಹಾಕಿ ಅಗೆಯುತ್ತಾರೆ. ಅವರು ನಕ್ಷೆ ನೋಡುವುದಿಲ್ಲ, ಕಲ್ಲು ನೋಡುತ್ತಾರೆ. ಕಮಿಷನರ್ ಹೊಲದ ಬಾಂದುಗಲ್ಲಿನಿಂದ ಸರಪಳಿ ಹಿಡಿಸಿ ಒಂದೊಂದೇ ಕಲ್ಲನ್ನು ನಕ್ಷೆಗೆ ತಾಳೆ ನೋಡುತ್ತ ಬಂದರು. ಎಲ್ಲ ಸರಿ ಹೊಂದಿದವು, ಬನ್ನಿಗಿಡದ ಹತ್ತಿರದ ಒಂದು ಕಲ್ಲು ಬಿಟ್ಟು. ನಕ್ಷೆಯಲ್ಲಿ ಗೆರೆ ನೇರವಾಗಿ ಬದುವಿನ ಗುಂಟ ಹೋಗಿತ್ತು. ನೆಲದ ಮೇಲೆ ಅದೊಂದು ಕಲ್ಲಿನ ಸಲುವಾಗಿ ಹೊಲದೊಳಕ್ಕೆ ಬಾಗಿ, ಸಮಾಧಿಯನ್ನು ಮುಟ್ಟಿ, ಮತ್ತೆ ಬದುವಿಗೆ ತಿರುಗಿತ್ತು.

ಓವರ್‌ಸಿಯರ್ ಬೆವರು ಒರೆಸಿಕೊಂಡು, “ಕಲ್ಲು ಇಲ್ಲೇ ಬಿದ್ದಿತ್ರೀ ಸರ್. ಬಿದ್ದದ್ದನ್ನ ನಿಲ್ಲಿಸಿದ್ವಿ, ಅಷ್ಟೇ,” ಎಂದ.

ನಾನು ಕಲ್ಲಿನ ಹತ್ತಿರ ಕೂತು ನೋಡಿದೆ. ನಂಬರಿನ ಸಂದಿಯಲ್ಲಿ ಸುಣ್ಣ ಮೆತ್ತಿತ್ತು. ಅದರ ಮೇಲೆ ಮಾಸಿದ ಕುಂಕುಮ. ಕಮಿಷನರಿಗೆ ಅದು ಏನೆಂದು ತಿಳಿಯಲಿಲ್ಲ. ನಾನು ಇದೇ ಸೀಮೆಯ ಒಕ್ಕಲಿನ ಮನೆಯವನು, ನನಗೆ ಕೂಡಲೇ ತಿಳಿಯಿತು. ಎಳ್ಳಮಾಸಿಯ ದಿನ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಪ್ರತಿ ಹೊಲದಲ್ಲೂ ಐದು ಕಲ್ಲು ಆರಿಸಿ, ಸುಣ್ಣ ಬಳಿದು, ಕುಂಕುಮವಿಟ್ಟು ಪಾಂಡವರೆಂದು ಪೂಜೆ ಮಾಡುತ್ತಾರೆ. ಸಜ್ಜೆರೊಟ್ಟಿ, ಭಜ್ಜಿಪಲ್ಯ ಎಡೆ ಹಿಡಿದು, ಆ ಎಡೆಯನ್ನೇ ಹೊಲದ ತುಂಬ ಚರಗವೆಂದು ಚೆಲ್ಲುತ್ತಾರೆ. ಯಾರೋ ಈ ಸರ್ಕಾರಿ ಕಲ್ಲನ್ನು ಕಿತ್ತು ತಂದು ಪಾಂಡವರ ಸಾಲಿನಲ್ಲಿ ಕೂಡ್ರಿಸಿದ್ದರು. ಪಾಂಡವರಾಗಿ ಬಿದ್ದಿದ್ದ ಕಲ್ಲನ್ನು ಗುತ್ತಿಗೆದಾರನ ಆಳುಗಳು ಮತ್ತೆ ಸರ್ಕಾರಿ ಕಲ್ಲು ಮಾಡಿ ಅಲ್ಲೇ ನೆಟ್ಟಿದ್ದರು.

ಅಬ್ಬಾ, ನನ್ನ ಸಂತೋಷ ಹೇಳತೀರದು. ಸರ್ಕಾರ ವಶಪಡಿಸಿಕೊಂಡ ಪಟ್ಟಿ ಬೇರೆ, ಅಗೆಯುತ್ತಿರುವ ಜಾಗ ಬೇರೆ! ಇನ್ನು ಪಾವಿತ್ರ್ಯವೂ ಬೇಡ, ಕರುಳೂ ಬೇಡ. ಕಲ್ಲು ಯಾರು ತಂದರು ಎಂಬುದನ್ನು ಕೋರ್ಟಿಗೆ ಹೇಳುವ ಅಗತ್ಯವೂ ಇಲ್ಲ. ಕಮಿಷನರ್ ಜೀಪು ಹತ್ತುವಾಗ ನನ್ನ ಹೆಗಲು ತಟ್ಟಿ, “ನಿಮ್ಮ ಅಜ್ಜಿಗೆ ಹೇಳಿ, ಕಾಲುವೆ ತಿರುಗುತ್ತೆ ಅಂತ,” ಎಂದರು.

ಎಲ್ಲರೂ ಹೋದ ಮೇಲೆ ನಾನು ಬನ್ನಿಗಿಡದ ಕೆಳಗೆ ಬಂದೆ.

“ಯವ್ವಾ, ಗೆದ್ದೇವಿ! ಕೆನಾಲ ನಿನ್ನ ಮಗಳ ಮ್ಯಾಲ ಬರೂದೇ ಇದ್ದಿಲ್ಲ. ನೀ ಹೇಳಿದ್ದೇ ಖರೇ, ನಕ್ಷಾದಾಗ ಅದು ಬದುವಿನ ಗುಂಟ ಹೊಂಟದ. ಈ ಒಂದು ಕಲ್ಲು ಯಾರೋ ತಂದು ಇಲ್ಲಿ ಇಟ್ಟಾರ, ಅದಕ್ಕ ಸೊಟ್ಟ ಆಗ್ಯಾದ. ಎಳ್ಳಮಾಸಿಗಿ ಇಲ್ಲಿ ಪಾಂಡವರನ್ನ ಹೂಡಿದಾವ್ರು ಯಾರು?”

ಹೊಲ ಪಾಲಿಗೆ ಮಾಡಿದವನೋ, ಕೂಲಿಯವನೋ ಇರಬೇಕೆಂದು ನಾನು ತಿಳಿದಿದ್ದೆ.

“ನಾನೇ ಹೂಡೀನ್ರಿ,” ಎಂದಳು. “ಐದರಾಗ ಒಂದು ಒಡದಿತ್ತು. ಬದುವಿನ ಮ್ಯಾಲ ಚಂದ ಕೆತ್ತಿದ ಕಲ್ಲಿತ್ತು. ನನ್ನ ಮಗಳ ಹತ್ತಿರ ಕೂಡೂ ಪಾಂಡವ ಚೊಲೋ ಇರ್ಲಿ ಅಂತ ಹೊತ್ತು ತಂದೆ.”

ಹೇಳುತ್ತ ಹೇಳುತ್ತ ಬದುವನ್ನು ನೋಡಿದಳು, ಕಲ್ಲನ್ನು ನೋಡಿದಳು.

“ಅಂದ್ರ... ಕೆನಾಲ ನಾನೇ ಕರ್ಕೊಂಡು ಬಂದೀನಿ.”

“ನಿನಗೇನು ಗೊತ್ತಿತ್ತವ್ವ? ಬಿಡು. ಅದು ಈಗ ತಿರಗತದ,” ಎಂದೆ. ನಾನು ಇನ್ನೂ ನಗುತ್ತಲೇ ಇದ್ದೆ.

ಅವಳು ಸಮಾಧಿಯ ಪಕ್ಕ ಕುಸಿದು ಕೂತಳು. ನಾನು ಹೊರಡಲೆಂದು ಚಪ್ಪಲಿ ಮೆಟ್ಟಿದಾಗ, ನನ್ನ ಮುಖ ನೋಡದೆ ಮಾತು ಸುರು ಮಾಡಿದಳು.

“ಹಡದ ಮ್ಯಾಲ ಜ್ವರ ಬಂದ್ವು ಅಕಿಗಿ. ಮೈ ಕೆಂಡ. ಯವ್ವಾ ನೀರ, ಯವ್ವಾ ನೀರ ಅಂದ್ಳು. ಬಾಣಂತಿಗಿ ನೀರ ಕೊಟ್ರ ನಂಜು ಏರ್ತದ ಅಂತ ನಮ್ಮತ್ತಿ ಹೇಳಿದ್ಳು. ಅಕಿಗಿ ಅವರತ್ತಿ ಹೇಳಿದ್ಳು. ನಾ ಕೊಡ್ಲಿಲ್ರಿ. ಕೊಡ ತುಂಬಿತ್ತು ಮನ್ಯಾಗ. ನಾ ಕೊಡ್ಲಿಲ್ಲ. ಅರಿವಿ ತೊಯ್ಸಿ ತುಟಿಗಿ ಹಚ್ಚಿದೆ. ಅಕಿ ಆ ಅರಿವೀನೇ ಚೀಪಿದ್ಳು. ಕಸಗೊಂಡೆ. ಕಡೀಕ ನೀರ ಅನ್ನೂದೂ ಬಿಟ್ಳು. ಹಟ ಬಿಟ್ಳು, ಗುಣ ಆಗಾಕತ್ಯಾಳ ಅಂತ ತಿಳದೆ.”

ನಾನು ಚಪ್ಪಲಿ ಮೆಟ್ಟಿದ ಕಾಲಲ್ಲೇ ನಿಂತಿದ್ದೆ.

“ಈಗ ನೋಡ್ರಿ ಯಪ್ಪಾ. ಕಲ್ಲು ಹೊತ್ತು ತಂದಾಕಿ ನಾನೇ. ನೀರು ತಾನಾಗಿ ಅಕಿ ಬಾಯಿಗಿ ಬರಾಕತ್ತದ. ನಾ ಮತ್ತ ಅಡ್ಡ ನಿಂತೀನಿ. ಕೋರ್ಟಿಗಿ ಹೋಗಿ ಬ್ಯಾಡ ಅನ್ನಾಕತ್ತೀನಿ. ಎರಡನೇ ಸಲ! ಇಂಥ ತಾಯಿ ಇರ್ತಾಳೇನ್ರಿ ಲೋಕದಾಗ?” ಎಂದು ಎದೆ ಎದೆ ಬಡಿದುಕೊಂಡಳು. ಆಮೇಲೆ ಕಣ್ಣು ಒರೆಸಿಕೊಂಡು, “ಕೇಸ್ ತಗೀರಿ. ನೀರು ಬರ್ಲಿ,” ಎಂದಳು.

ನನಗೆ ಸಿಟ್ಟು ಬಂತು. ಅಲ್ಲಿ ಸಿಟ್ಟು ಬರಬಾರದಿತ್ತು, ಬಂತು. ಹುಚ್ಚಿಯೇನು ನೀನು, ಕಾಲುವೆ ಅಗೆದರೆ ಸಮಾಧಿ ಎಲ್ಲಿ ಉಳಿಯುತ್ತದೆ, ಸತ್ತವರು ನೀರು ಕುಡಿಯುತ್ತಾರೆಯೇ ಎಂದೆಲ್ಲ ಕೂಗಾಡಿದೆ. ಅವಳು ನನ್ನ ಗಂಟಲು ಒಣಗಿದ್ದನ್ನು ನೋಡಿ ತಂಬಿಗೆ ತುಂಬಿ ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರಿಗೆ ಅಷ್ಟು ವರ್ಷ ಆಕೆ ತುಂಬಿ ತುಂಬಿ ಕೊಟ್ಟದ್ದು ಏನು ಎಂದು ಆಗ ತಿಳಿಯಿತು. ನನ್ನ ಕಚೇರಿಯಲ್ಲಿ ಬಡಿವಾರ ಎಂದು ನಕ್ಕಿದ್ದೆವು.

ಮುಂದಿನ ವಾಯಿದೆಯವರೆಗೆ ನಾನು ನಿದ್ದೆಗೆಟ್ಟು ಯೋಚಿಸಿದೆ. ವಕೀಲನಿಗೆ ದಾರಿಗಳಿಗೆ ಕೊರತೆಯಿಲ್ಲ. ದುಃಖದಲ್ಲಿ ಆಡಿದ ಮಾತು, ತಣ್ಣಗಾಗಲಿ ಎಂದು ಮುಂದೂಡಬಹುದಿತ್ತು. ವರದಿ ಬಂದಿದೆ, ತೀರ್ಪು ತಾನಾಗಿ ಆಗುತ್ತದೆ ಎಂದು ಸುಮ್ಮನಿರಬಹುದಿತ್ತು. ಟಿಕೆಟೂ ಕಣ್ಣ ಮುಂದೆ ಇತ್ತು. ಆದರೆ ಕೇಸು ಅವಳದು, ಮಗಳು ಅವಳವಳು. ಅವಳು ಬೇಡ ಎಂದದ್ದನ್ನು ಗೆದ್ದು ಕೊಟ್ಟು ನಾನು ಯಾರ ಮುಂದೆ ಎದೆ ಉಬ್ಬಿಸಬೇಕು? ದಾವೆ ವಾಪಸ್ ಪಡೆಯುವ ಮೆಮೊ ನಾನೇ ಕೈಯಿಂದ ಬರೆದೆ. ಕಲ್ಲು ಇದ್ದಲ್ಲೇ ಕಾಲುವೆ ಹೋಗಲಿ, ಆ ಜಾಗವನ್ನು ಒಪ್ಪಿ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿ ಆಕೆಯ ಹೆಬ್ಬೆಟ್ಟು ಒತ್ತಿಸಿದೆ. ಕೊನೆಗೆ ಆಕೆ ಒಂದು ಮಾತು ಸೇರಿಸಲು ಹೇಳಿದ್ದಳು. ಮುಂದೆ ಎಂದಾದರೂ ಕಾಲುವೆಯ ತಳಕ್ಕೆ ಸಿಮೆಂಟಿನ ಗಚ್ಚು ಹಾಕಿದರೆ ಆ ಜಾಗದಲ್ಲಿ ಹಾಕಬಾರದು.

“ಗಚ್ಚು ಹಾಕಿದ್ರ ನೀರು ಕೆಳಗ ಇಳಿಯಂಗಿಲ್ಲಲ್ರಿ,” ಎಂದಿದ್ದಳು.

ನ್ಯಾಯಾಧೀಶರು ಮೆಮೊ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. ಕಮಿಷನರ್ ವರದಿ ಅವರ ಮೇಜಿನ ಮೇಲೇ ಇತ್ತು. ಮುದುಕಿಯನ್ನು ಕಟಕಟೆಗೆ ಕರೆದು, “ಯಾರಾದರೂ ಹೆದರಿಸಿದಾರೇನಮ್ಮ? ನಿಮ್ಮ ವಕೀಲರು ಏನಾದರೂ ಹೇಳಿದಾರಾ?” ಎಂದು ಕೇಳಿದರು.

“ಇಲ್ರಿ ಸಾಹೇಬ್ರ. ಅವರು ಬ್ಯಾಡ ಬ್ಯಾಡ ಅಂದ್ರು. ನಾನೇ ನೀರು ಬರ್ಲಿ ಅಂದೀನ್ರಿ.”

“ಗಚ್ಚಿನ ಮಾತು ಇಲ್ಲಿ ಬರೆಯುವ ಹಾಗಿಲ್ಲ, ಅದನ್ನು ಇಲಾಖೆಗೆ ಕೇಳಿಕೊಳ್ಳಿ,” ಎಂದು ಅವರು ಆ ಸಾಲು ಹೊಡೆದು ಹಾಕಿದರು. ಹೊರಗೆ ಬಂದಾಗ ಮುದುಕಿ ನನ್ನ ಕೈ ಹಿಡಿದುಕೊಂಡಳು. ಆ ಜವಾಬ್ದಾರಿ ನನ್ನದು ಎಂದು ಮಾತು ಕೊಟ್ಟೆ.

ಅಗೆಯುವ ದಿನ ನಾನು ಅಲ್ಲಿದ್ದೆ. ನಮ್ಮಲ್ಲಿ ದೇಹವನ್ನು ಕೂಡ್ರಿಸಿ, ಆಳೆತ್ತರಕ್ಕೂ ಮಿಕ್ಕಿ ಆಳ ತೋಡಿ ಹೂಳುತ್ತಾರೆ. ಉಪಕಾಲುವೆ ಅಷ್ಟು ಆಳ ಹೋಗುವುದಿಲ್ಲ. ಮೇಲಿನ ಕಟ್ಟೆ ತೆಗೆದರು, ಮಣ್ಣು ತೆಗೆದರು. ಓವರ್‌ಸಿಯರ್ ತಾನೇ ನಿಂತು ಅಲ್ಲಿ ಸಲಿಕೆ ಹಗುರ ಹಾಕಿಸಿದ. ಮಗಳು ಕಾಲುವೆಯ ತಳದ ಕೆಳಗೆ ಉಳಿದಳು. ನೀರು ಬಿಟ್ಟ ದಿನ ಕೆಂಪಗೆ, ಕಸಕಡ್ಡಿ ಹೊತ್ತು ಬಂದ ನೀರು ಆ ಬಾಗಿನಲ್ಲಿ ಒಂದು ಗಳಿಗೆ ನಿಂತು, ಸುತ್ತಿ, ಮುಂದೆ ಹೋಯಿತು. ಮುದುಕಿ ದಂಡೆಯ ಮೇಲೆ ಕೂತು, “ಕುಡಿ ನನ್ನವ್ವ, ಕುಡಿ. ಹೊಟ್ಟಿ ತುಂಬ ಕುಡಿ,” ಎನ್ನುತ್ತಿದ್ದಳು.

ಕೊಂಕಲ್ ಕಡೆಯವರು ಅದೇ ಟ್ರ್ಯಾಕ್ಟರಿನಲ್ಲಿ ಹಾರ ಹೊತ್ತು ಬಂದರು. ಕೈಯಲ್ಲಿದ್ದ ಕೇಸನ್ನು ರೈತರ ನೀರಿಗಾಗಿ ಬಿಟ್ಟುಕೊಟ್ಟ ವಕೀಲ! ನಾನು ಅಲ್ಲ ಅಲ್ಲ ಎಂದಷ್ಟೂ ಅವರಿಗೆ ಅದು ದೊಡ್ಡತನವಾಗಿ ಕಂಡಿತು. ಕೇಸು ಬಿಟ್ಟದ್ದಕ್ಕೆ ಬೆಂಕಿಯಾಗಿದ್ದ ಮುಖಂಡರು, ಆ ಮೆರವಣಿಗೆ ನೋಡಿ, “ಏನ್ ತಲಿ ಓಡಿಸೀಯಪ್ಪಾ ನೀ!” ಎಂದು ನನ್ನ ಬೆನ್ನು ಚಪ್ಪರಿಸಿದರು. ಟಿಕೆಟು ಬಂತು. ಗೆದ್ದೆ.

ಶಾಸಕನಾದ ಮೇಲೆ ನಾನು ಹಟ ಹಿಡಿದು ತಂದ ಮೊದಲ ಕೆಲಸ ಅದೇ ಉಪಕಾಲುವೆಗೆ ಗಚ್ಚು. ಬರಿ ಮಣ್ಣಿನ ಕಾಲುವೆಯಲ್ಲಿ ನೀರು ಇಂಗಿ ಇಂಗಿ ಕೊನೆಯ ಹೊಲಗಳಿಗೆ ಮುಟ್ಟುತ್ತಿರಲಿಲ್ಲ. ಬಾಗಿನ ಹತ್ತಿರ ಕೆಲಸ ಬಂದಾಗ ನಾನೇ ಹೋಗಿ ನಿಂತು, ಸಮಾಧಿಯ ಕಟ್ಟೆಯಷ್ಟು ಜಾಗ ಬಿಡಿಸಿದೆ. ಇಂಜಿನಿಯರರು ತಲೆ ಚಚ್ಚಿಕೊಂಡರು. ಅಲ್ಲಿ ಮಣ್ಣು ಕೊರೆಯುತ್ತದೆ, ಪಕ್ಕದ ಗಚ್ಚೂ ಕಿತ್ತು ಹೋಗುತ್ತದೆ ಎಂದರು. ಅವರು ಹೇಳಿದ್ದು ಸುಳ್ಳೂ ಆಗಲಿಲ್ಲ. ಪ್ರತಿವರ್ಷ ಕಾಲುವೆಗೆ ನೀರು ಬಿಡುವುದು ನಿಂತಾಗ ಅದರ ಸುತ್ತ ಕಲ್ಲು ತುಂಬಿಸುವುದು ನನ್ನ ಕೆಲಸವಾಯಿತು.

ಕೊನೆಯ ಊರುಗಳಲ್ಲಿ ನೀರು ಕಡಿಮೆಯಾದಾಗಲೆಲ್ಲ ಕಾರಣ ಅದೇ. ‘ಶಾಸಕರ ತೂತು’ ಎಂದು ಅದಕ್ಕೆ ಹೆಸರು ಬಿತ್ತು. ಆ ತೂತಿನಿಂದ ಹೋಗುತ್ತಿದ್ದ ನೀರು ಎಷ್ಟೂ ಅಲ್ಲ, ಮೇಲಿನ ಊರಿನವರು ರಾಜಾರೋಷವಾಗಿ ಪಂಪು ಹಚ್ಚಿ ಎಳೆಯುತ್ತಿದ್ದದ್ದೇ ಹೆಚ್ಚು. ಆದರೆ ಪಂಪು ಹಲವರವು, ತೂತು ಒಬ್ಬನದು. ಮುಂದಿನ ಚುನಾವಣೆಯಲ್ಲಿ ಎದುರಾಳಿ ಪ್ರತಿ ಸಭೆಯಲ್ಲೂ ಒಂದು ತೂತುಬಿದ್ದ ಕೊಡ ಎತ್ತಿ ಹಿಡಿದು, ಅದಕ್ಕೆ ನೀರು ಹೊಯ್ದು ತೋರಿಸುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

“ಒಂದ್ ಮಾತು ಹೇಳಿಬಿಡ್ರಿ ಸಾಬ್,” ಎಂದು ಗುಮಾಸ್ತ ಗೋಗರೆದ. “ಸಮಾಧಿ ಬಿಟ್ಟುಕೊಟ್ಟ ಮ್ಯಾಲ ತೂತು ಯಾಕ ಅಂತ ಮಂದಿ ಕೇಳ್ತಾರ. ನಿಮಗ ಕಾರಣ ಗೊತ್ತದ. ಹೇಳಿದ್ರ ಅವರೇ ಅಳ್ತಾರ, ಓಟೂ ಹಾಕ್ತಾರ.”

ಅವನಿಗೂ ನಾನು ಪೂರ್ತಿ ಹೇಳಿರಲಿಲ್ಲ. ಹೇಳಿದ್ದರೆ ಜನ ಅಳುತ್ತಿದ್ದರು, ಅದು ನಿಜ. ಅತ್ತು ಮನೆಗೆ ಹೋಗಿ, ಮಗಳಿಗೆ ನೀರು ಕೊಡದೆ ಕೊಂದ ತಾಯಿ ಎಂದು ಅವಳ ಊರಿನಲ್ಲಿ ಬೊಟ್ಟು ಮಾಡುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಸೋತೆ. ಮರುವರ್ಷ ಹೊಸ ಶಾಸಕರು ಬಾಜಾ ಬಾರಿಸಿ ತೂತಿಗೆ ಸಿಮೆಂಟು ಹಾಕಿಸಿದರು.

ಕರಿಕೋಟು ಜಾಡಿಸಿ ಮತ್ತೆ ಕಚೇರಿಯಲ್ಲಿ ಕೂತಿದ್ದಾಗ ಮುದುಕಿ ಬಂದಳು. ಬಹಳ ಬಾಗಿದ್ದಳು. ತಂಬಿಗೆ ಅದೇ. ಸಿಮೆಂಟಿನ ಸುದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ.

“ನೋಡೀನ್ರಿ,” ಎಂದು ತಾನೇ ಹೇಳಿದಳು. “ಇರ್ಲಿ ಬಿಡ್ರಿ. ಇಷ್ಟು ವರ್ಷ ಕುಡದಾಳ. ನೀವು ಸೋತಿದ್ದು ನನ್ನ ಸಲುವಾಗಿ ಅಂತ ಮಂದಿ ಅನ್ನಾಕತ್ತಾರ. ಯಾಕ ಹೇಳ್ಲಿಲ್ರಿ ನೀವು? ಹೇಳಿದ್ರ ಗೆಲ್ತಿದ್ರಿ.”

“ಊರ ಮುಂದ ನಿನ್ನ ಮಗಳ ಬಾಯಿ ಒಣಗಿದ್ದು ಹೇಳಿ ಓಟು ಕೇಳ್ಲೇನು?” ಎಂದು ರೇಗಿದೆ.

ಅವಳು ತಂಬಿಗೆಯನ್ನು ಮೇಜಿನ ಮೇಲೆ ಇಟ್ಟಳು.

“ಓಟಿಗಿ ಬ್ಯಾಡ,” ಎಂದಳು. “ನಾ ಹೋದ ಮ್ಯಾಲ ಹಂಗೇ ಹೇಳ್ರಿ. ಎಲ್ಲಾ ಹೇಳ್ರಿ, ಮುಚ್ಚಬ್ಯಾಡ್ರಿ. ಬಾಣಂತಿಗಿ ನೀರ ಕೊಡ್ರಿ ಅಂತ ಹೇಳ್ರಿ. ನಮ್ಮತ್ತಿಗಿ ಯಾರೂ ಹೇಳ್ಲಿಲ್ಲ. ನನಗೂ ಯಾರೂ ಹೇಳ್ಲಿಲ್ಲ.”

ಅವಳು ಹೋಗಿ ಈಗ ಬಹಳ ದಿನವಾಗಿಲ್ಲ. ಕಾಲುವೆಯ ದಂಡೆಗೆ ಹೊಂದಿಕೊಂಡು, ಬನ್ನಿಗಿಡದ ಈಚೆ ಬದಿಗೆ ಹೂಳಿದರು. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಮೊನ್ನೆ ಕೊಂಕಲ್ಲಿಗೆ ಹೋಗಿದ್ದೆ. ಹಿಂದೆ ನನಗೆ ಕೈಮುಗಿದಿದ್ದ ಆ ಹಿರಿಯನ ಮನೆಗೆ. ಮೊಮ್ಮಗಳು ಹಡೆದಿದ್ದಾಳೆ ಎಂದು ಸಕ್ಕರೆ ಕೊಟ್ಟರು. ಒಳಗಿನ ಕೋಣೆಯಿಂದ ಕೂಸಿನ ಸದ್ದು, ಲೋಬಾನದ ಹೊಗೆ. ನಡುವೆ ಒಂದು ಸಣ್ಣ ದನಿ ಏನೋ ಕೇಳಿತು, ಮನೆಯ ಹಿರಿಯ ಹೆಂಗಸು “ಸುಮ್ನಿರು, ಈಗೇನ್ ನೀರ” ಎಂದು ಗದರಿದಳು. ನಾನು ಎದ್ದೆ. ಅಂಗಳದ ಹಂಡೆಯಲ್ಲಿ ಕಾಸಿ ಆರಿಸಿದ ನೀರಿತ್ತು. ತಂಬಿಗೆ ತುಂಬಿಕೊಂಡು ಹೋಗಿ ಬಾಗಿಲ ಪರದೆಯ ಹತ್ತಿರ ನಿಂತು ಆ ಹೆಂಗಸಿನ ಮುಂದೆ ಹಿಡಿದೆ.

“ಗಂಡಸರಿಗ್ಯಾಕ್ರಿ ಸಾಹೇಬ್ರ ಬಾಣಂತನದ ಉಸಾಬರಿ?” ಎಂದಳು ಆಕೆ.

“ಕುಂದ್ರು ತಂಗಿ, ಒಂದು ಕತಿ ಹೇಳ್ತೀನಿ,” ಎಂದು ಅಲ್ಲೇ ಹೊಸ್ತಿಲಲ್ಲಿ ಕೂತೆ. ಎಲ್ಲ ಹೇಳಿದೆ, ಏನೂ ಮುಚ್ಚಲಿಲ್ಲ. ಅರಿವೆ ಚೀಪಿದ್ದು ಹೇಳುವಾಗ ಆ ಹೆಂಗಸು ನನ್ನ ಕೈಯಿಂದ ತಂಬಿಗೆ ಕಸಿದುಕೊಂಡು ಒಳಗೆ ಹೋದಳು. ಪರದೆಯ ಆಚೆ ಆ ಹುಡುಗಿ ಗಟಗಟ ಕುಡಿಯುವ ಸದ್ದು ಕೇಳಿಸಿತು.